ಒಂದು ಪಾದ ಆಚೆಗಿನ ಗೆರೆ

ತೊಂಬತ್ತಾರನೆಯ ಇಸವಿಯ ಹೊತ್ತಿಗೆ ನಮ್ಮ ಸೀಮೆಯಲ್ಲಿ ಕಣ ಮಾಡುವವರೇ ಇಲ್ಲದಂತಾಗಿತ್ತು. ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿಗೆ ಹೋಗುವ ಡಾಂಬರು ರಸ್ತೆಯ ಮೇಲೆಯೇ ಜನ ಜೋಳದ ತೆನೆ, ಸಜ್ಜೆ, ಸೂರ್ಯಕಾಂತಿ ಎಲ್ಲವನ್ನೂ ಹರವಿಬಿಡುತ್ತಿದ್ದರು. ಬಸ್ಸು ಲಾರಿ ತುಳಿದುಕೊಂಡು ಹೋದರೆ ಒಕ್ಕಣೆ ಮುಗಿಯಿತು. ಇದನ್ನು ನೋಡಿ ಸುಮ್ಮನಿರಲಾರದ ಜೀವ ಇಡೀ ದಾರಿಯಲ್ಲಿ ಒಂದೇ ಒಂದಿತ್ತು. ಅದು ಬಸ್ಸಿನ ಮುಂದಿನ ಸೀಟಿನಲ್ಲೇ ಕೂತಿರುತ್ತಿತ್ತು.

"ಏ ಡ್ರೈವರಾ, ನಿಲ್ಲಸಲೇ! ಉಣ್ಣೋ ಕಾಳಿನ ಮ್ಯಾಲ ಗಾಲಿ ಹಾಯಸ್ತೀ? ನಿಮ್ಮವ್ವ ಹಿಂಗ ಕಲಿಸ್ಯಾಳೇನು?"

ಡ್ರೈವರ್ ನಿಲ್ಲಿಸಲೇಬೇಕು. ನಿಲ್ಲಿಸದಿದ್ದರೆ ಮುದುಕಿ ಸಿಂಧನೂರು ಮುಟ್ಟುವವರೆಗೆ ಅವನ ಏಳು ತಲೆಮಾರನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಒಮ್ಮೆ ಬೇರೆ ಸೀಮೆಯಿಂದ ಹೊಸದಾಗಿ ಬಂದ ಕಂಡಕ್ಟರ್ ಬೆವರು ಒರೆಸಿಕೊಳ್ಳುತ್ತ ಹಿಂದಿನವರನ್ನು ಕೇಳಿದ, ಯಾರು ಈ ಅಜ್ಜಿ ಎಂದು. ಪಾಮನಕಲ್ಲೂರಿನ ಒಬ್ಬ ರೈತ ಎಲೆ ಅಡಿಕೆ ಜಗಿಯುತ್ತ ಹೇಳಿದ: "ಹುಸೇನಮ್ಮರೀ. ಇಮಾನಕ್ಕ ಕಣ ಮಾಡಿದಾಕಿ. ಇಮಾನ ಎತ್ತಿ ಕುಕ್ಕಿಸಿದಾಕಿನೂ ಅಕಿನ, ಹೂವಿನಂಗ ಇಳಿಸಿದಾಕಿನೂ ಅಕಿನ."

ಕಂಡಕ್ಟರ್ ನಕ್ಕ. ಅವನ ತಪ್ಪಲ್ಲ, ಮೊದಲ ಸಲ ಕೇಳಿದವರೆಲ್ಲ ನಗುತ್ತಾರೆ. ಆದರೆ ಮಾತು ಖರೆ.

ಹುಸೇನಮ್ಮ ಹುಟ್ಟಿದ್ದು ಪಾಮನಕಲ್ಲೂರಿನಲ್ಲಿ. ಮೊಹರಂನ ಅಲಾಯಿ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ್ದರಿಂದ ಆ ಹೆಸರು. ಅವಳ ತಾಯಿ ಮುದುಕಮ್ಮ ಕಣ ಮಾಡುವುದರಲ್ಲಿ ಎತ್ತಿದ ಕೈ. ಕಣವೆಂದರೆ ನೆಲ ಬಳಿದು ಸೆಗಣಿ ಸಾರಿಸಿದರೆ ಆಯಿತು ಎಂದು ತಿಳಿದವರು ಒಮ್ಮೆ ಮಾಡಿ ನೋಡಲಿ. ಮಣ್ಣು ನೆನೆಸಬೇಕು, ಎತ್ತಿನಿಂದ ತುಳಿಸಬೇಕು, ಉರುಳುಗಲ್ಲು ಎಳೆಯಬೇಕು, ಆರುವ ಮೊದಲೇ ಮತ್ತೆ ನೀರು ಚಿಮುಕಿಸಬೇಕು, ಹೊಟ್ಟು ಉದುರಿಸಿ ಮತ್ತೆ ಎಳೆಯಬೇಕು. ಕೊನೆಗೆ ಸೆಗಣಿ. ಇಷ್ಟಾದ ಮೇಲೆ ಒಂದು ಬಿರುಕು ಬಿಟ್ಟರೂ ಕಾಳು ಒಳಗೆ, ಹೆಸರು ಹೊರಗೆ. ಮುದುಕಮ್ಮನ ಕಣದಲ್ಲಿ ಬಿದ್ದ ಸಾಸಿವೆ ಕಾಳನ್ನೂ ಉಗುರಿನಿಂದ ಎತ್ತಿಕೊಳ್ಳಬಹುದು ಎನ್ನುತ್ತಿದ್ದರು. ಮಗಳು ತಾಯಿಯನ್ನೂ ಮೀರಿಸಿದಳು. ಮಸ್ಕಿಯ ಹತ್ತಿರದ ಊರಿಗೆ ತಾಯಪ್ಪನ ಹೆಂಡತಿಯಾಗಿ ಬಂದ ಮೇಲೆ ಹನ್ನೆರಡು ಹಳ್ಳಿಯ ದೊಡ್ಡ ಒಕ್ಕಲುಗಳು ಅವಳ ದಿನ ಕೇಳಿಕೊಂಡೇ ಕೊಯ್ಲು ಇಟ್ಟುಕೊಳ್ಳುತ್ತಿದ್ದರು. ತಾಯಪ್ಪ ಎತ್ತು ಹೊಡೆಯುವನು, ಹೆಂಡತಿ ಬಯ್ಯುವಳು, ಕಣ ಆಗುವುದು. ಸಂಸಾರ ಚೆನ್ನಾಗಿತ್ತು.

ತಾಯಿ ಕಲಿಸಿದ ಒಂದು ಪದ್ಧತಿ ಇತ್ತು. ಕಣದ ಸುತ್ತ ಸುಣ್ಣದ ಗೆರೆ ಎಳೆಯಬೇಕು, ಆ ಗೆರೆಯನ್ನು ದಿನಾ ಬೆಳಗಾಗುವ ಮುನ್ನ ಹೊಸದಾಗಿ ಹಾಕಬೇಕು. ಹಳೆಯ ಗೆರೆಯ ಮೇಲೆಯೇ ಹಾಕುವಂತಿಲ್ಲ. ಹಳೆಯದನ್ನು ಪೊರಕೆಯಿಂದ ಬಳಿದು ಅಳಿಸಿ, ಉಳಿದ ಗುರುತಿಗೆ ಹಿಮ್ಮಡಿ ತಾಗಿಸಿ ನಿಂತು, ತನ್ನ ಒಂದು ಪಾದದಷ್ಟು ಆಚೆಗೆ ಹೊಸ ಗೆರೆ. ಕಣ ದಿನಕ್ಕೊಂದು ಪಾದ ಬೆಳೆದರೆ ರಾಶಿಯೂ ಹುಲುಸು. ಅಪ್ಪಿತಪ್ಪಿಯೂ ಒಳಗೆ ಎಳೆಯಬಾರದು, ಕಣ ಕುಗ್ಗಿಸಿದವರ ಮನೆಯ ಕಣಜ ಕುಗ್ಗುತ್ತದೆ. ಇದಕ್ಕಾಗಿಯೇ ಗೆರೆಯ ಹೊರಗೂ ಒಂದಿಷ್ಟು ನೆಲ ಹದ ಮಾಡಿ ಇಡಬೇಕು. ಅದಕ್ಕೆ ಕಣದ ಸೆರಗು ಎನ್ನುತ್ತಿದ್ದರು.

ಇನ್ನು ವಿಮಾನದ ಮಾತು. ಎಂಬತ್ತಾರರ ದಸರಾ ಕಳೆದ ಮೇಲೆ ಕಾಲುವೆ ಸೀಮೆಯ ನೆಲ್ಲಿಗೆ ಜಿಗಿಹುಳು ಬಿತ್ತು. ಸಿಂಧನೂರಿನ ಸುತ್ತ, ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಲಿ ನಿರಾಶ್ರಿತರ ಗದ್ದೆಯವರೆಗೂ ಪೈರು ಸುಟ್ಟ ಹಾಗೆ ಕೆಂಪಾಗತೊಡಗಿತು. ಕೈಪಂಪು ಬೆನ್ನಿಗೆ ಹಾಕಿಕೊಂಡು ಎಷ್ಟು ಎಕರೆ ಹೊಡೆದೀತು ಮನುಷ್ಯ? ಆಗ ವಿಮಾನದಿಂದ ಔಷಧಿ ಹೊಡೆಯುವ ಒಂದು ಕಂಪನಿ ಬಂತು. ಆ ಹಳದಿ ವಿಮಾನ ಇಳಿಯಲು ನೆಲ ಬೇಕು. ಕಾಲುವೆ ಸೀಮೆಯ ಕಪ್ಪು ಎರೆ ನೆಲ ಬಿರುಕು ಬಿಡುತ್ತದೆ, ಆಗುವುದಿಲ್ಲ. ಮಸ್ಕಿ ಕಡೆಗೆ ದೊಡ್ಡ ಒಕ್ಕಲಿನ ಹಂಪಣ್ಣನ ಕೆಂಪು ಮಸಾರಿ ಹೊಲ ಬೀಳು ಬಿದ್ದಿತ್ತು. ಕಂಪನಿಯ ಮ್ಯಾನೇಜರ್ ಟ್ರ್ಯಾಕ್ಟರ್ ತರಿಸುತ್ತೇನೆ ಎಂದ. ಹಂಪಣ್ಣ ಗಹಗಹಿಸಿ ನಕ್ಕ.

"ಟ್ಯಾಕ್ಟರಿ ನೆಲಾ ಕೆರೀತದರೀ ಸಾಹೇಬ್ರ, ಕೂಡ್ರಸಂಗಿಲ್ಲ. ನಮ್ಮ ಹುಸೇನಮ್ಮನ್ನ ಕರೀರಿ."

ಆಗ ಅವಳಿಗೆ ನಲವತ್ತೈದು ಇರಬೇಕು. ಬಂದವಳು ಹೊಲ ನೋಡಿ, ಮ್ಯಾನೇಜರನ ಕೈಯಲ್ಲಿದ್ದ ಕಾಗದ ನೋಡಿ, "ಎಷ್ಟು ಉದ್ದ, ಎಷ್ಟು ಅಗಲ?" ಎಂದಳು. ಅಗಲ ಐವತ್ತು ಅಡಿ. ಉದ್ದ ಮಾತ್ರ ಈ ಗಿಡದಿಂದ ಆ ಕಾಣದ ಗಿಡದವರೆಗೆ. "ಇದು ಕಣಾನೋ, ಸಿಂಧನೂರಿನ ದಾರಿನೋ?" ಎಂದು ಅವಳ ಜೊತೆಗಾತಿ ತಿಮ್ಮವ್ವ ಬಾಯಿಗೆ ಸೆರಗು ಇಟ್ಟುಕೊಂಡಳು. ತಿಮ್ಮವ್ವನಿಗೆ ದೇವರು ಎರಡು ಕೈ ಕೊಟ್ಟು ಬಾಯಿ ಮಾತ್ರ ನಾಲ್ಕು ಕೊಟ್ಟಿದ್ದ.

ಇಪ್ಪತ್ತನಾಲ್ಕು ಹೆಂಗಸರು, ಆರು ಜೋಡಿ ಎತ್ತು, ಒಂಬತ್ತು ದಿನ. ಕಾಗದದಲ್ಲಿ ಐವತ್ತು ಅಡಿ ಇದ್ದರೂ ಹುಸೇನಮ್ಮ ಎರಡೂ ಮಗ್ಗುಲಿಗೆ ಹದಿನೈದು ಹದಿನೈದು ಅಡಿ ಸೆರಗು ಬಿಟ್ಟು ಮಾಡಿದಳು. ಚಕ್ರ ಮುಟ್ಟುವ ಕಡೆ ಸೆಗಣಿ ಸಾರಿಸಿದಳು. ಅಳತೆ ಹಗ್ಗ ಹಿಡಿದು ಸರಿಯಾಗಿ ಐವತ್ತು ಅಡಿಗೆ ಎರಡು ಉದ್ದನೆಯ ಗೆರೆ, ಸುಣ್ಣದಲ್ಲಿ. ಮ್ಯಾನೇಜರ್ ಬೂಟುಗಾಲಲ್ಲಿ ನೋಡಲು ಬಂದ. "ಅಲ್ಲೇ ನಿಂದರ್ರಿ! ಕಣದಾಗ ಕೆರ ಹಾಕ್ಕೊಂಡು ಬರ್ತಾರೇನ್ರೀ?" ಎಂದು ಗದರಿದಳು. ಅವನು ಬೂಟು ಬಿಚ್ಚಲಿಲ್ಲ, ಆದರೆ ಒಳಗೂ ಬರಲಿಲ್ಲ.

ಮೊದಲ ದಿನ ವಿಮಾನ ಇಳಿದದ್ದನ್ನು ನೋಡಲು ಮಸ್ಕಿಯ ಅರ್ಧ ಊರು ಬಂದಿತ್ತು. ಇಳಿದದ್ದು ಗೊತ್ತೇ ಆಗಲಿಲ್ಲ, ಅಷ್ಟು ಮೆತ್ತಗೆ. ಒಳಗಿನಿಂದ ಹೊರಬಂದವನು ರಾಯಚೂರಿನ ಜಿಲಾನಿಸಾಬ್. ಮೂವತ್ತರ ಆಸುಪಾಸು, ತೆಳ್ಳಗೆ, ನಗುಮುಖ, ಹೈದರಾಬಾದಿನಲ್ಲಿ ಹಾರುವುದನ್ನು ಕಲಿತವನು. ಹುಸೇನಮ್ಮ ದೂರದಿಂದಲೇ ಕೂಗಿದಳು, "ಸಾಬ್ರ, ಬೂಟು!" ಅವನು ಅಲ್ಲೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಡೆದು ಬಂದ. ಕಣ ದಾಟಿದ ಕೂಡಲೇ ಒಂದು ಜಾಲಿ ಮುಳ್ಳು ಚುಚ್ಚಿತು. "ಹಾಯ್ ಅಲ್ಲಾ! ಅವ್ವಾ, ನಿಮ್ಮ ಕಣದಾಗ ಇರೋದ ಛಲೋ ಐತಿ ನೋಡ್ರಿ, ಹೊರಗ ಬಂದ್ರ ಮುಳ್ಳು" ಎಂದ. ಆ ಗಳಿಗೆಯಿಂದ ಅವನು ಅವಳಿಗೆ ಮಗನಾದ.

ವಿಮಾನ ಬೆಳಿಗ್ಗೆ ಮತ್ತು ಸಂಜೆ, ಗಾಳಿ ಕಡಿಮೆ ಇರುವ ಹೊತ್ತಿನಲ್ಲಿ ಹಾರುತ್ತಿತ್ತು. ನೆಲ್ಲಿನ ತೆನೆಗೆ ತಾಗುವ ಹಾಗೆ ಹೋಗಿ ಔಷಧಿ ಬಿಟ್ಟು, ಖಾಲಿಯಾದ ಮೇಲೆ ಬಂದು ಇಳಿಯುವುದು, ತುಂಬಿಸಿಕೊಂಡು ಮತ್ತೆ ಏಳುವುದು. ಹುಸೇನಮ್ಮ ದಿನಾ ನಸುಕಿನಲ್ಲಿ ನಾಲ್ವರು ಹೆಂಗಸರೊಂದಿಗೆ ಬಂದು ಗೆರೆ ಹೊಸದು ಮಾಡುವಳು. ತಾಯಿ ಕಲಿಸಿದ ಹಾಗೆಯೇ. ಹಳೆಯದನ್ನು ಬಳಿದು, ಹಿಮ್ಮಡಿ ತಾಗಿಸಿ, ಒಂದು ಪಾದ ಆಚೆಗೆ. ಅವಳ ಬಾಯಲ್ಲಿ ಒಂದೇ ಮಾತು: "ನನ್ನ ಮಗನ ಕಣ ಹುಲುಸಾಗಲಿ."

ಒಂದು ವಾರ ಹಾಲು ಅನ್ನ ಉಂಡ ಹಾಗೆ ಕಳೆಯಿತು. ಹತ್ತನೆಯ ದಿನ ವಿಮಾನ ಇಳಿಯುವಾಗ 'ಧಪ್' ಎಂದಿತು. ಜಿಲಾನಿಸಾಬ್ ತಲೆ ಕೆರೆದುಕೊಂಡ. ಹದಿಮೂರನೆಯ ದಿನ ಧಪ್ ಎಂದು ಬಿದ್ದು ಒಂದು ಮೊಳ ಮೇಲೆ ನೆಗೆದು ಮತ್ತೆ ಧಪ್ ಎಂದಿತು. ಹದಿನಾರನೆಯ ದಿನ ಬಿದ್ದ ಹೊಡೆತಕ್ಕೆ ಚಕ್ರದ ಕಾಲು ಸೊಟ್ಟಗಾಯಿತು. ಮೆಕ್ಯಾನಿಕ್ ಅದನ್ನು ಬಿಚ್ಚಿ ಬಡಿದು ನೆಟ್ಟಗೆ ಮಾಡಿದ. ಜಿಲಾನಿಸಾಬ್ ಸೊಂಟ ಹಿಡಿದುಕೊಂಡು ಜೀಪಿನ ನೆರಳಿನಲ್ಲಿ ಬೋರಲು ಬಿದ್ದ. ಹುಸೇನಮ್ಮ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಅವನ ಬೆನ್ನಿಗೆ ಕಾವು ಕೊಟ್ಟಳು.

ಕಾರಣ ಹೇಳುವವರಿಗೆ ಬರವೇ? ಹಂಪಣ್ಣ, ತಳದಲ್ಲಿ ಉಳಿದ ಔಷಧಿಯ ಭಾರ ಜಾಸ್ತಿ ಎಂದ. ಭಾರ ಪೂರಾ ಇಳಿಸಿ ಬರಿ ವಿಮಾನ ಇಳಿಸಿದರೂ ಧಪ್. ಮೆಕ್ಯಾನಿಕ್, ಹಿಂದಿನಿಂದ ಗಾಳಿ ನೂಕುತ್ತಿದೆ ಎಂದ. ತಿಮ್ಮವ್ವ ತನ್ನ ಹಳೆಯ ಸೀರೆ ಹರಿದು ಬೊಂಬಿಗೆ ಕಟ್ಟಿ ನಿಲ್ಲಿಸಿದಳು. ಸೀರೆ ಜೋತು ಬಿದ್ದಿತ್ತು, ಗಾಳಿಯ ಸುಳಿವಿಲ್ಲ, ಆದರೂ ಧಪ್. ಯಾರೋ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ವಿಮಾನಕ್ಕೆ ಏನೂ ಆಗಲಿಲ್ಲ, ಮೆಕ್ಯಾನಿಕ್ ಮಾತ್ರ ಅರ್ಧ ಗಂಟೆ ಕೆಮ್ಮಿದ. ತಿಮ್ಮವ್ವ ಕೊನೆಗೆ ತನ್ನ ತೀರ್ಪು ಕೊಟ್ಟಳು: "ಹದಿನೈದು ದಿನದಿಂದ ನನ್ನ ಕೈಯ ರೊಟ್ಟಿ ತಿಂದಾನ. ತೂಕ ಬಂದೈತಿ, ಅದಕ್ಕ ಬೀಳಾಕತ್ತಾನ."

ಆದರೆ ಮ್ಯಾನೇಜರ್ ನಗುವ ಸ್ಥಿತಿಯಲ್ಲಿ ಇರಲಿಲ್ಲ. ಲಿಂಗಸುಗೂರಿಗೆ ಹೋಗಿ ಟ್ರಂಕ್ ಕಾಲ್ ಹಚ್ಚಿ ಮೇಲಿನವರಿಗೆ ಹೇಳಿ ಬಂದಿದ್ದ. ಹತ್ತೊಂಬತ್ತನೆಯ ದಿನ ಕಂಪನಿಯ ಇಂಜಿನಿಯರ್ ಬರುವವನಿದ್ದ. ಅವನು ಬಂದು ನೋಡಿ, ತಪ್ಪು ಯಾರದೆಂದು ಬರೆದುಕೊಂಡು ಹೋಗುತ್ತಾನೆ. ಮ್ಯಾನೇಜರ್ ಎಲ್ಲರೆದುರು ಹೇಳಿದ, ಈ ಹೆಂಗಸಿನ ನೆಲವೇ ಕುಸಿದಿದೆ, ತಗ್ಗು ಬಿದ್ದಿದೆ, ಬೇರೆ ಕಡೆ ನೋಡುತ್ತೇವೆ ಎಂದು. ಹಂಪಣ್ಣ ಕತ್ತು ತಗ್ಗಿಸಿ ಮೀಸೆ ಸವರಿಕೊಂಡು, "ಹಂಗಾರ ಈ ವರ್ಷದ ನಮ್ಮ ಕಣಾನೂ…" ಎಂದು ಮಾತು ಅಲ್ಲಿಗೇ ನುಂಗಿದ.

ನುಂಗಿದ ಮಾತು ಹುಸೇನಮ್ಮನ ಹೊಟ್ಟೆಯಲ್ಲಿ ಹೋಗಿ ಕೂತಿತು. ಮೂವತ್ತು ವರ್ಷದಲ್ಲಿ ಅವಳ ನೆಲಕ್ಕೆ ಯಾರೂ ಒಂದು ಮಾತು ಅಂದಿರಲಿಲ್ಲ. ಅವಳ ಬಳಿ ಹೊಲವಿಲ್ಲ, ಬಂಗಾರವಿಲ್ಲ, ಇದ್ದದ್ದು ಒಂದು ಹೆಸರು. ಹನ್ನೆರಡು ಹಳ್ಳಿಯಲ್ಲಿ 'ಹುಸೇನಮ್ಮನ ಕಣದಲ್ಲಿ ವಿಮಾನದ ಕಾಲು ಮುರಿಯಿತು' ಎಂದು ಹಬ್ಬಿದರೆ ಆ ಹೆಸರು ಅಲ್ಲಿಗೆ ಮುಗಿಯಿತು. ಅಂದು ರೊಟ್ಟಿ ಸೇರಲಿಲ್ಲ. ತಾಯಪ್ಪ ಪಾಪ, "ಹೋಗಲಿ ಬಿಡಲೇ" ಎಂದದ್ದಕ್ಕೆ ಅವನಿಗೆ ಸಿಕ್ಕಿದ್ದು ಬೈಗುಳ.

ಹದಿನೆಂಟನೆಯ ದಿನ ಬೆಳಿಗ್ಗೆ ಅವಳು ಸೊಂಟದಲ್ಲಿ ನೀರಿನ ಕೊಡ, ಕೈಯಲ್ಲಿ ತಂಬಿಗೆ ಹಿಡಿದು ಬಂದಳು. ಮ್ಯಾನೇಜರನನ್ನು, ಹಂಪಣ್ಣನನ್ನು ಕರೆದು ನಿಲ್ಲಿಸಿ, ಚಕ್ರ ಮುಟ್ಟುವ ಜಾಗದಲ್ಲೇ ತಂಬಿಗೆ ಇಟ್ಟು ಅಂಚಿನವರೆಗೂ ನೀರು ತುಂಬಿಸಿದಳು. ಒಂದು ಹನಿ ಎತ್ತಲೂ ಹೊರಳಲಿಲ್ಲ. ಹತ್ತು ಹೆಜ್ಜೆ ಆಚೆ ಇಟ್ಟಳು, ಅಲ್ಲಿಯೂ ಇಲ್ಲ. ಆಮೇಲೆ ನೀರನ್ನು ನೆಲಕ್ಕೆ ಸುರಿದಳು. ನೀರು ಎತ್ತಲೂ ಹರಿಯದೆ ರೊಟ್ಟಿಯ ಹಾಗೆ ದುಂಡಗೆ ನಿಂತಿತು.

"ಈಗ ಹೇಳ್ರಿ ಸಾಹೇಬ್ರ. ಎಲ್ಲೈತಿ ತಗ್ಗು? ನಿಮ್ಮ ಕಣ್ಣಾಗ ಐತೇನು?"

ಹೆಂಗಸರೆಲ್ಲ ಹೋ ಎಂದು ನಕ್ಕರು. ಹಂಪಣ್ಣನೂ ನಕ್ಕ, ಅವನಿಗೆ ಜೀವ ಬಂದಿತ್ತು. ಮ್ಯಾನೇಜರ್ ನೀರನ್ನು ನೋಡಿ, "ಸರಿ. ನೆಲದ ತಪ್ಪಲ್ಲ. ಹಾಗಾದರೆ ಪೈಲಟನದೇ ತಪ್ಪು" ಎಂದು ಕಾಗದದಲ್ಲಿ ಬರೆದುಕೊಂಡು ಹೋದ.

ಹುಸೇನಮ್ಮನ ನಗು ಅಲ್ಲೇ ನಿಂತುಹೋಯಿತು. ಜಿಲಾನಿಸಾಬ್ ಬರಿಗಾಲಲ್ಲಿ, ಬೂಟು ಕೈಯಲ್ಲಿ ಹಿಡಿದು, ಏನೂ ಆಗದವನ ಹಾಗೆ ನಿಂತಿದ್ದ. ಆದರೆ ಅವನ ಮುಖ ಸುಣ್ಣದ ಹಾಗಾಗಿತ್ತು. ತನ್ನ ಕೊರಳಿನ ಹಗ್ಗ ಬಿಚ್ಚಿ ತಾನೇ ಮಗನ ಕೊರಳಿಗೆ ಹಾಕಿದೆನಲ್ಲಾ ಎಂದುಕೊಂಡಳು.

ಸಂಜೆಯ ಹಾರಾಟ ಅಂದು ಇರಲಿಲ್ಲ. ಇಬ್ಬರೂ ಜೀಪಿನ ನೆರಳಿನಲ್ಲಿ ಕೂತರು. ಅವಳು ಕೇಳಿದಳು, "ನಿಮ್ಮ ಕಸೂರು ಏನರ ಐತೇನ್ರೀ ಸಾಬ್ರ? ಖರೇ ಹೇಳ್ರಿ."

"ನನಗೂ ತಿಳೀವಲ್ದು ಅವ್ವಾ. ದಿನಾ ಮಾಡಿದಂಗ ಮಾಡಾಕತ್ತೀನಿ. ನೋಡ್ರಿ, ಇಮಾನ ಕೆಳಗ ಬರ್ತಾ ಬರ್ತಾ, ನೆಲ ಇನ್ನೇನು ಒಂದು ಮೊಳ ಉಳದೈತಿ ಅನ್ನೂದರಾಗ ಮೂತಿ ಎತ್ತಬೇಕು. ಎತ್ತಿದ್ರ ಓಟ ಸತ್ತು ತಾನ ಮೆತ್ತಗ ಕೂಡ್ರತೈತಿ, ಕೋಳಿ ತತ್ತಿ ಮ್ಯಾಲ ಕುಂತಂಗ. ನಾ ಎತ್ತತೀನಿ, ಆದ್ರ ನೆಲ ಅಲ್ಲಿ ಇರಂಗಿಲ್ಲ! ಇನ್ನೂ ಎರಡಾಳು ಕೆಳಗ ಇರತೈತಿ. ಓಟ ಸತ್ತಿರತೈತಿ, ರೆಕ್ಕಿಗೆ ಗಾಳಿ ಹಿಡಿಯೂ ಬಲ ಇರಂಗಿಲ್ಲ. ಅಲ್ಲಿಂದ ಕಲ್ಲು ಬಿದ್ದಂಗ ಬೀಳತೈತಿ. ಮೆಟ್ಟಲಾ ಮುಗದಾವಂತ ಕಾಲಿಟ್ರ ಇನ್ನೊಂದು ಮೆಟ್ಟಲಾ ಇದ್ರ ಹೆಂಗ ಎದಿ ಝಲ್ ಅಂತೈತಿ, ಹಂಗ."

"ಹಂಗಾರ ನೆಲ ಹತ್ರ ಬಂತಂತ ನಿಮಗ ಹೆಂಗ ಗೊತ್ತಾಗತೈತಿ? ಮ್ಯಾಲಿಂದ ಹಗ್ಗ ಬಿಟ್ಟು ಅಳೀತೀರೇನು?"

ಅವನಿಗೆ ನಗು ಬಂತು. "ಹಗ್ಗ ಎಲ್ಲಿದವ್ವಾ. ಕಣ್ಣ ಅಳತಿ. ನಿಮ್ಮ ಎರಡು ಗೆರಿ ಅದಾವಲ್ಲ, ಮ್ಯಾಲ ಇದ್ದಾಗ ಕೂಡಿಕೊಂಡಂಗ ಕಾಣತಾವ. ಕೆಳಗ ಬಂದಂಗ ಬಂದಂಗ ಅಗಲ ಆಕ್ಕೋಂತ ಹೋಗತಾವ. ಇಷ್ಟು ಅಗಲ ಕಂಡ್ವು ಅಂದ್ರ ನೆಲ ಬಂತು. ಮೊದಲ ದಿನನ ಕಣ್ಣು ಆ ಲೆಕ್ಕಾ ಕಲತಬಿಟ್ಟೈತಿ."

ಹುಸೇನಮ್ಮ ತಟ್ಟನೆ ಎದ್ದಳು. ಜೀಪಿಗೆ ಒರಗಿಸಿಟ್ಟಿದ್ದ ಪೊರಕೆ ಮತ್ತು ಕುಡುಗೋಲು ಎತ್ತಿಕೊಂಡು ಕಣದ ಕಡೆ ಓಡಿದಳು. ಏನಾಯಿತೋ ಎಂದು ತಿಮ್ಮವ್ವ ಹಿಂದೆಯೇ ಓಡಿದಳು.

ಇಂದಿನ ಗೆರೆಯಿಂದ ಒಳಕ್ಕೆ ಧೂಳು ಗುಡಿಸಿ ಕುಡುಗೋಲಿನ ಮೊನೆಯಲ್ಲಿ ಮೆಲ್ಲಗೆ ಕೆರೆದಳು. ಒಂದು ಪಾದ ಒಳಗೆ ತೆಳ್ಳಗೆ ಬಿಳಿ. ಅದು ನಿನ್ನೆಯದು. ಇನ್ನೊಂದು ಪಾದ ಒಳಗೆ ಇನ್ನೊಂದು ಬಿಳಿ, ಮೊನ್ನೆಯದು. ಎಷ್ಟು ಬಳಿದರೂ ಸುಣ್ಣ ಮಣ್ಣಿಗೆ ಇಳಿದಿತ್ತು. ಕೆರೆಯುತ್ತ ಹೋದಳು, ಎಣಿಸುತ್ತ ಹೋದಳು. ಮರ ಕಡಿದರೆ ಬುಡದಲ್ಲಿ ವರ್ಷದ ಗೆರೆಗಳು ಕಾಣುತ್ತವಲ್ಲ, ಹಾಗೆ ಹದಿನೆಂಟು ಗೆರೆ. ಆ ಮಗ್ಗುಲಲ್ಲೂ ಹದಿನೆಂಟು. ಹದಿನೆಂಟನೆಯದು ಸಿಕ್ಕ ಕೂಡಲೇ ತಲೆಯ ಮೇಲೆ ಕೈ ಹೊತ್ತು ಕುಕ್ಕರಗಾಲಲ್ಲಿ ಕೂತುಬಿಟ್ಟಳು.

"ಅಯ್ಯ ನನ್ನವ್ವನ! ತಿಮ್ಮೀ, ನಾನಲೇ. ನಾನ ಬೀಳಿಸೀನಿ. ದಿನಾ ಒಂದೊಂದು ಪಾದ ಅಗಲ ಮಾಡೀನಿ. ಆ ಕೂಸಿಗೆ ಮ್ಯಾಲ ಇದ್ದಾಗನ ನೆಲ ಬಂದಂಗ ಕಾಣಾಕತ್ತೈತಿ."

ತಿಮ್ಮವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆದಮೇಲೆ ಅವಳು ಅತ್ತ ಇತ್ತ ನೋಡಿ ಪಿಸುಗುಟ್ಟಿದಳು, "ಸುಮ್ನಿರು. ಯಾರೂ ನೋಡಿಲ್ಲ. ನಾಳೆ ನಸುಕಿನ್ಯಾಗ ಹಳೇ ಗೆರಿಗೇ ಎಳದುಬಿಡೂಣು. ಇಮಾನ ಮೆತ್ತಗ ಇಳೀತೈತಿ, ಎಲ್ಲಾ ತಣ್ಣಗ ಆಗತೈತಿ. ನಿನ್ನ ಹೆಸರೂ ಉಳೀತು."

ಖರೆ ಹೇಳಬೇಕೆಂದರೆ ಹುಸೇನಮ್ಮನಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಅವಳೇನು ದೇವತೆಯಲ್ಲ. ಆದರೆ ಕಾಗದದಲ್ಲಿ ಬರೆದದ್ದು ಬರೆದೇ ಇರುತ್ತದೆ. ನಾಳೆ ವಿಮಾನ ಮೆತ್ತಗೆ ಇಳಿದರೆ, ಇಷ್ಟು ದಿನ ಬೀಳಿಸಿದವನು ಪೈಲಟನೇ ಎಂದು ಮತ್ತೂ ಗಟ್ಟಿಯಾಗುತ್ತದೆ. "ನನ್ನ ಹೆಸರು ಉಳೀತು ತಿಮ್ಮೀ," ಎಂದಳು, "ಅವನ ಅನ್ನ?" ತಿಮ್ಮವ್ವ ಪೊರಕೆ ಕುಡುಗೋಲು ಎತ್ತಿಕೊಂಡು ಜೀಪಿನ ಕಡೆ ನಡೆದಳು.

ಹತ್ತೊಂಬತ್ತನೆಯ ದಿನ ಗೆರೆ ಹೊಸದಾಗಲಿಲ್ಲ. ಇಂಜಿನಿಯರ್ ಜೀಪಿನಿಂದ ಇಳಿದ ಕೂಡಲೇ, ಮ್ಯಾನೇಜರ್ ಬಾಯಿ ತೆರೆಯುವ ಮುನ್ನವೇ ಹುಸೇನಮ್ಮ ಎದುರು ಹೋಗಿ ನಿಂತಳು. ಹಂಪಣ್ಣ, ಮೆಕ್ಯಾನಿಕ್, ಜಿಲಾನಿಸಾಬ್, ಇಪ್ಪತ್ತನಾಲ್ಕು ಹೆಂಗಸರು, ಎಲ್ಲರೂ ಇದ್ದರು.

"ಸಾಹೇಬ್ರ, ನೆಲದ ತಪ್ಪಿಲ್ಲ, ಇಮಾನದ ತಪ್ಪಿಲ್ಲ, ಈ ಸಾಬರ ತಪ್ಪೂ ಇಲ್ಲ. ತಪ್ಪು ಈ ಪಾದದ್ದು" ಎಂದು ತನ್ನ ಬಲಗಾಲನ್ನು ಮುಂದೆ ಇಟ್ಟು ತೋರಿಸಿದಳು.

ಇಂಜಿನಿಯರ್ ವಯಸ್ಸಾದವನು, ದಪ್ಪ ಕನ್ನಡಕ. ಅವನು ಕಾಲನ್ನು ನೋಡಿದ, ಅವಳನ್ನು ನೋಡಿದ. ಅವಳು ಕರೆದೊಯ್ದು ಕೆರೆದ ಹದಿನೆಂಟು ಗೆರೆ ತೋರಿಸಿದಳು. ಟೇಪು ಬಿಚ್ಚಿದರು. ಅವಳ ಪಾದ ಮುಕ್ಕಾಲು ಅಡಿ. ಕಾಗದದಲ್ಲಿ ಐವತ್ತು ಅಡಿ, ನೆಲದಲ್ಲಿ ಎಪ್ಪತ್ತೈದೂವರೆ. ಮ್ಯಾನೇಜರ್ ಕೆಂಡವಾಗಿ, "ಯಾರ ಹುಕುಂ ಮೇಲೆ ಮಾಡಿದೆ?" ಎಂದು ಅರಚಿದ.

"ನಮ್ಮವ್ವಂದು. ಅಕಿ ಈಗ ಇಲ್ಲ, ಇದ್ದಿದ್ರ ನಿಮಗ ಮೊದಲು ಬೂಟು ಬಿಚ್ಚಸ್ತಿದ್ಲು."

ಇಂಜಿನಿಯರ್ ಗೆರೆಗಳ ಪಕ್ಕ ಕೂತು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಕನ್ನಡಕ ಒರೆಸಿಕೊಂಡು ಜಿಲಾನಿಸಾಬನ ಕಡೆ ತಿರುಗಿ, "ಮೂವತ್ತು ವರ್ಷ ಈ ಕೆಲಸದಲ್ಲಿದ್ದೇನೆ. ಅಗಲವಾದ ರನ್‌ವೇ ಕಣ್ಣಿಗೆ ಮೋಸ ಮಾಡುತ್ತದೆ ಎಂದು ಹೊಸಬರಿಗೆ ನಾನೇ ಪಾಠ ಹೇಳುತ್ತೇನೆ. ರಾತ್ರೋರಾತ್ರಿ ಅಗಲವಾಗಿದ್ದರೆ ನಿನಗೂ ಕಾಣುತ್ತಿತ್ತು. ಇದು ಮಗು ಬೆಳೆದ ಹಾಗೆ ಬೆಳೆದಿದೆ" ಎಂದ. ಹಂಪಣ್ಣ ನಡುವೆ ಬಾಯಿ ಹಾಕಿದ: "ಖರೇ ಐತ್ರೀ. ದಿನಾ ನೋಡೋ ಹೆಂಡ್ತಿ ದಪ್ಪ ಆಗಿದ್ದು ಗಂಡಗ ಗೊತ್ತಾಗಂಗಿಲ್ಲ."

ಈಗ ಕಷ್ಟದ ಕೆಲಸ ಉಳಿದಿತ್ತು. ಗೆರೆಯನ್ನು ಒಳಗೆ ತರಬೇಕು. ಜೀವಮಾನದಲ್ಲಿ ಅವಳು ಕಣ ಕುಗ್ಗಿಸಿದವಳಲ್ಲ. ನಾಲ್ವರು ಹೆಂಗಸರು ಸುಣ್ಣದ ಬುಟ್ಟಿ ಮುಟ್ಟಲು ಹಿಂಜರಿದರು. ಹುಸೇನಮ್ಮ ನೆಲಕ್ಕೆ ಹಣೆ ಹಚ್ಚಿ, "ಭೂಮಿತಾಯಿ, ಇದು ಕಾಳಿನ ಕಣ ಅಲ್ಲ, ಕೂಸಿನ ಕಣ. ಸಿಟ್ಟಾಗಬ್ಯಾಡ. ಆದ್ರೂ ನನ್ನ ಮ್ಯಾಲ ಆಗು" ಎಂದಳು. ಮೊದಲ ದಿನದ ಗೆರೆ ಹುಡುಕಿ ಅದರ ಮೇಲೆಯೇ ಸುಣ್ಣ ಚೆಲ್ಲುತ್ತ ನಡೆದಳು. ಅಷ್ಟು ಉದ್ದಕ್ಕೂ ಒಬ್ಬಳೇ ಎಳೆದಳು. ಎರಡನೆಯ ಗೆರೆ ಮುಗಿಯುವಾಗ ಬೆನ್ನು ಬಾಗಿ ಹೋಗಿತ್ತು, ಕಣ್ಣಲ್ಲಿ ನೀರಿತ್ತು. ಸುಣ್ಣ ಕಣ್ಣಿಗೆ ಬಿತ್ತು ಎಂದಳು. ಯಾರೂ ನಂಬಲಿಲ್ಲ.

ವಿಮಾನ ಎದ್ದಿತು. ಮಸ್ಕಿಯ ಗುಡ್ಡದ ಮೇಲಿನಿಂದ ಒಂದು ಸುತ್ತು ಹಾಕಿ ಕಣದ ನೇರಕ್ಕೆ ಬಂತು. ತಿಮ್ಮವ್ವ ಕಣ್ಣು ಗಟ್ಟಿ ಮುಚ್ಚಿ ಕಿವಿಗೆ ಬೆರಳು ಇಟ್ಟುಕೊಂಡಳು. ಹುಸೇನಮ್ಮ ಮುಚ್ಚಲಿಲ್ಲ. ವಿಮಾನ ಇಳಿದು ಇಳಿದು, ಮೊನ್ನೆಯೆಲ್ಲ ಎಲ್ಲಿ ಮೂತಿ ಎತ್ತಿತ್ತೋ ಅಲ್ಲಿ ಎತ್ತದೆ, ಇನ್ನೂ ಕೆಳಗೆ ಬಂದು, ನೆಲಕ್ಕೆ ಒಂದು ಮೊಳ ಇದ್ದಾಗ ಎತ್ತಿತು. ಕೆಂಪು ಧೂಳಿನ ಎರಡು ಎಳೆ ಎದ್ದವು, ಅಷ್ಟೇ.

"ಇಳೀತೇನ?" ಎಂದು ತಿಮ್ಮವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಇಳದು ಊಟಕ್ಕ ಕುಂತೈತಿ, ಕಣ್ಣು ತೆರಿ" ಎಂದು ಹುಸೇನಮ್ಮ ಅವಳ ಬೆನ್ನಿಗೆ ಗುದ್ದಿದಳು. ಜಿಲಾನಿಸಾಬ್ ಬೂಟು ಬಿಚ್ಚಿ ಓಡಿ ಬಂದು ಅವಳ ಕಾಲು ಮುಟ್ಟಿದ. ಬಲಗಾಲನ್ನೇ ಹುಡುಕಿ ಮುಟ್ಟಿದ, ತುಂಟ.

ಇಂಜಿನಿಯರ್ ಕಾಗದದಲ್ಲಿ ಕಾರಣದ ಜಾಗ ಖಾಲಿ ಬಿಟ್ಟು ಯೋಚಿಸಿದ. ಕೊನೆಗೆ 'ಗುರುತಿನ ಗೆರೆ ಸರಿದಿತ್ತು, ಕಣ ಮಾಡಿದವರೇ ಕಂಡುಹಿಡಿದು ಸರಿಪಡಿಸಿದರು' ಎಂದು ಬರೆದು ಓದಿ ಹೇಳಿದ. ಮ್ಯಾನೇಜರ್ ತನ್ನ ಕಾಗದ ಹರಿದು ಹಾಕಿದ. ಹಂಪಣ್ಣ ಸಾವಕಾಶವಾಗಿ ಬಂದು ಹುಸೇನಮ್ಮನ ಪಕ್ಕ ನಿಂತು ಕೆಮ್ಮಿದ. "ಈ ವರ್ಷ ನಮ್ಮ ಕಣಾ ಯಾವಾಗ ಹಿಡೀತೀಬೇ?"

"ಮೊನ್ನೆ ಏನೋ ನುಂಗಿದ್ರಲ್ರೀ?"

"ನುಂಗಿದ್ದು ಜೀರ್ಣ ಆತು ಬಿಡವ್ವ. ತನ್ನ ತಪ್ಪು ತಾನ ಕೆರದು ತಗದು ಹತ್ತು ಮಂದಿಗೆ ತೋರಸಾಕಿ ಕೈಯಾಗ ಕಣ್ಣು ಮುಚ್ಚಿ ರಾಶಿ ಕೊಡ್ತೀನಿ. ಆದ್ರ ನನ್ನ ಕಣದಾಗ ಗೆರಿ ಮಾತ್ರ ಹೊರಗ ಎಳೀಬೇಕು ಮತ್ತ!"

"ಕಾಳು ನೆಲದಾಗ ಹುಟ್ಟತೈತಿ, ಅದಕ್ಕ ಹೊರಗ. ಮುಗಿಲಿಂದ ಬರೋರಿಗೆ ಇದ್ದಲ್ಲೇ" ಎಂದಳು ಅವಳು. ಆ ಮಾತು ಇಂದಿಗೂ ಮಸ್ಕಿಯ ಸಂತೆಯಲ್ಲಿ ಅಳತೆ ತಪ್ಪಿದವರಿಗೆ ಹೇಳಲು ಉಳಿದಿದೆ.

ಮುಂದೆ ಹತ್ತು ದಿನ ವಿಮಾನ ಹಾರಿತು. ಹುಳು ಸತ್ತಿತು, ಕ್ಯಾಂಪಿನ ಗದ್ದೆಗಳು ಹಸಿರಾದವು. ಕ್ಯಾಂಪಿನ ಬಂಗಾಲಿ ಹೆಂಗಸರು ವಿಮಾನ ತಲೆಯ ಮೇಲೆ ಬಂದಾಗಲೆಲ್ಲ ನಾಲಿಗೆ ಹೊರಳಿಸಿ ಉಲೂ ಉಲೂ ಎಂದು ಮಂಗಳದ ಕೂಗು ಹಾಕುತ್ತಿದ್ದರಂತೆ. ಕ್ಯಾಂಪಿನಿಂದ ಬಂದವರ ಬಾಯಿಂದ ಕೇಳಿ ಜಿಲಾನಿಸಾಬ್ ಹೇಳುತ್ತಿದ್ದ. ಹುಸೇನಮ್ಮ ದಿನಾ ನಸುಕಿನಲ್ಲಿ ಹಳೆಯ ಗೆರೆಯ ಮೇಲೆಯೇ ಸುಣ್ಣ ಹಾಕಿದಳು. ಕಾಲು ತಾನಾಗಿಯೇ ಆಚೆ ಹೋಗುತ್ತಿತ್ತು, ಬಯ್ದು ಒಳಗೆ ಎಳೆದುಕೊಳ್ಳುತ್ತಿದ್ದಳು. ಆದರೂ ಏನೋ ಕೊಡದೆ ಇಟ್ಟುಕೊಂಡ ಹಾಗೆ ಅವಳ ಮನಸ್ಸು ಕಸಿವಿಸಿಯಲ್ಲಿತ್ತು. ಮಗನೆಂದ ಮೇಲೆ ಅವನ ಕಣ ಒಂದು ಪಾದವೂ ಬೆಳೆಯಬಾರದೆಂದರೆ ಹೇಗೆ?

ಕೊನೆಯ ದಿನ ಬಂತು. ಜಿಲಾನಿಸಾಬ್ ಕ್ಯಾಂಪಿನ ಕಡೆಯ ನಾಲ್ಕು ಗದ್ದೆಗೆ ಔಷಧಿ ಹೊಡೆದು, ಮತ್ತೆ ಇಳಿಯದೆ ಹಾಗೇ ರಾಯಚೂರಿನ ಮೇಲೆ ಹೈದರಾಬಾದಿಗೆ ಹೋಗುವವನಿದ್ದ. ತಿಮ್ಮವ್ವ ರೊಟ್ಟಿ ಶೇಂಗಾಪುಡಿ ಕಟ್ಟಿ ಕೊಟ್ಟಳು. "ಹೋಗೂಮುಂದ ಇಲ್ಲಿ ಒಂದು ಸುತ್ತು ಹಾಯ್ದು ಹೋಗ್ತೀನವ್ವಾ" ಎಂದು ಅವನು ಏರಿದ. ವಿಮಾನ ಸಿಂಧನೂರಿನ ಕಡೆ ಚಿಕ್ಕದಾಗುವುದನ್ನೇ ನೋಡುತ್ತ ನಿಂತಿದ್ದ ಹುಸೇನಮ್ಮ ಇದ್ದಕ್ಕಿದ್ದಂತೆ ತಿರುಗಿ ಕೂಗಿದಳು:

"ಏ ತಿಮ್ಮೀ, ಸುಣ್ಣ ತಾ! ಎಲ್ಲಾರೂ ಬರ್ರಲೇ, ಜಲ್ದಿ!"

ಇಪ್ಪತ್ತನಾಲ್ಕು ಹೆಂಗಸರು ಎರಡು ಸಾಲಾಗಿ ಕಣದ ಉದ್ದಕ್ಕೂ ನಿಂತರು. ಎತ್ತು ಬಿಟ್ಟು ತಾಯಪ್ಪನೂ ಒಂದು ಬುಟ್ಟಿ ಹೊತ್ತ. ಹಳೆಯ ಗೆರೆ ಬಳಿದು, ಹಿಮ್ಮಡಿ ತಾಗಿಸಿ, ಒಂದು ಪಾದ ಆಚೆಗೆ. ಈ ಕಣಕ್ಕೆ ಇನ್ನು ಯಾರೂ ಇಳಿಯುವುದಿಲ್ಲ. ಇಳಿಯದವನಿಗೆ ಹುಲುಸು ಹರಸಲು ಯಾರ ಅಡ್ಡಿ? ಅರ್ಧ ಗಂಟೆಯಲ್ಲಿ ಎರಡೂ ಗೆರೆ ಬೆಳ್ಳಗೆ ಎದ್ದು ನಿಂತವು.

ವಿಮಾನ ಬಂತು. ತಗ್ಗಿನಲ್ಲಿ, ಕಣದ ನೇರಕ್ಕೆ. ಅವನ ಕಣ್ಣು ಈಗ ಒಂದು ಪಾದದ ವ್ಯತ್ಯಾಸವನ್ನೂ ಹಿಡಿಯುವಷ್ಟು ಪಳಗಿತ್ತು. ಗೆರೆಯ ಮೇಲೆ ಬಂದವನೇ ಎಡಗಡೆಯ ರೆಕ್ಕೆ ಬಾಗಿಸಿದ, ಬಲಗಡೆಯದು ಬಾಗಿಸಿದ, ಮತ್ತೆ ಎಡಗಡೆಯದು. ಹೆಂಗಸರೆಲ್ಲ ಸೆರಗು ಬೀಸಿದರು. ಇನ್ನೊಮ್ಮೆ ನೋಡುವ ಆಸೆಗೋ ಏನೋ, ವಿಮಾನ ಹೊರಳಿ ಮತ್ತೆ ಕೆಳಕ್ಕೆ ಬರತೊಡಗಿತು. ಹುಸೇನಮ್ಮ ನಗುತ್ತ, ಅಳುತ್ತ, ಸುಣ್ಣದ ಕೈ ಎರಡೂ ಮೇಲೆತ್ತಿ ಗಂಟಲು ಹರಿಯುವಂತೆ ಕೂಗಿದಳು:

"ಇಳೀಬ್ಯಾಡ್ರೀ ಸಾಬ್ರ! ಇದು ಇಳಿಯೋ ಗೆರಿ ಅಲ್ಲ, ಹೋಗೋ ಗೆರಿ! ಹೋಗ್ರಿ, ಸುಖವಾಗಿ ಹೋಗ್ರಿ!"